ತರುವ ದಿನವೇ ಹೊರಡುವ ದಿನದ ವಿಚಾರ

ಕಲ್ಯಾಣವನ್ನು ಬಿಟ್ಟು ಹೊರಡುವುದೆಂದರೆ ನಮ್ಮ ಸಮಾಜದವರಿಗೆ 12ನೆಯ ಶತಮಾನದ ನೆನಪು ಬಾರದೆ ಇರದು. ಚೆನ್ನಬಸವಣ್ಣನವರೇ ಮೊದಲಾದ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂಬ ಸಂಗತಿಯನ್ನು ನಾವೆಲ್ಲ ಹಿರಿಯರ ಬಾಯಿಂದ ಕೇಳುತ್ತ ಬೆಳೆದವರು. ಹೊರಡುವ ಹೊತ್ತಿನಲ್ಲಿ ಏನನ್ನು ಬಿಡುತ್ತೇವೆ, ಏನನ್ನು ಜೊತೆಗೆ ಒಯ್ಯುತ್ತೇವೆ ಎಂಬುದರಿಂದಲೇ ಮನುಷ್ಯನ ಅಂತರಂಗ ತಿಳಿಯುತ್ತದೆ. ಆ ಮಹಾಯಾನದ ಮುಂದೆ ನಮ್ಮ ಸಂಸಾರದ ಸ್ಥಳಾಂತರ ತೀರ ಅಲ್ಪವಾದದ್ದು. ಮಗನ ಉದ್ಯೋಗದ ನಿಮಿತ್ತ ಬಸವಕಲ್ಯಾಣದ ಮನೆಯನ್ನು ಬಿಟ್ಟು, ಆಷಾಢ ಕಳೆದ ಮೇಲೆ ಹುಮನಾಬಾದಿಗೆ ಬಂದೆವು. ದಾರಿ ಸುಮಾರು 30 ಕಿಲೋಮೀಟರ್ ಮಾತ್ರ. ಆದರೆ ಆ ದಾರಿಯೂ ನಮಗೊಂದು ಪಾಠವನ್ನು ಕಲಿಸಿತು.

ಪಾತ್ರೆ, ಹಾಸಿಗೆ, ಪುಸ್ತಕಗಳೆಲ್ಲ ಟೆಂಪೋ ಏರಿದವು. ಉಳಿದದ್ದು ಮೊಮ್ಮಗನ ಅಕ್ವೇರಿಯಂ. 100 ಲೀಟರ್ ನೀರು ಹಿಡಿಯುವ ಗಾಜಿನ ತೊಟ್ಟಿ, ಅದರಲ್ಲಿ ಆರು ಚಿನ್ನದ ಮೀನುಗಳು. ನೆರೆಹೊರೆಯವರು ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟರು: "ತ್ರಿಪುರಾಂತ ಕೆರಿಗಿ ಬಿಟ್ಟುಬಿಡ್ರಿ, ಪುಣ್ಯ ಬರ್ತದ." ಮೊಮ್ಮಗ ಮಾತನಾಡದೆ ತೊಟ್ಟಿಯ ಪಕ್ಕದಲ್ಲಿ ಕುಳಿತುಬಿಟ್ಟ.

ಈ ಸಲಹೆಯನ್ನು ನಾವು ಒಪ್ಪಲಿಲ್ಲ. ತಲೆತಲಾಂತರದಿಂದ ಮನುಷ್ಯನ ಕೈಯಲ್ಲಿ ಬಣ್ಣಕ್ಕಾಗಿ ಬೆಳೆದು ಬಂದ ಮೀನು ಕೆರೆಯಲ್ಲಿ ಕೊಕ್ಕರೆಯ ಕಣ್ಣಿಗೆ ಮೊದಲು ಬೀಳುತ್ತದೆ. ಒಂದು ವೇಳೆ ಬದುಕಿ ಬೆಳೆದರೆ ಕೆರೆಯ ಸ್ವಂತ ಮೀನುಗಳ ಆಹಾರಕ್ಕೆ ಪಾಲುದಾರನಾಗುತ್ತದೆ. ದಕ್ಷಿಣ ಅಮೆರಿಕದ ಸಕರ್ ಮೀನು ಹೀಗೆಯೇ ಮನೆಗಳ ಗಾಜಿನ ತೊಟ್ಟಿಗಳಿಂದ ಹೊರಬಿದ್ದು ಭಾರತದ ಅನೇಕ ಕೆರೆ ನದಿಗಳಲ್ಲಿ ಹಬ್ಬಿ, ಬೆಸ್ತರ ಬಲೆಗಳಿಗೆ ಕಂಟಕವಾಗಿದೆ. ನಮ್ಮ ಭಾರವನ್ನು ಕೆರೆಯ ಮೇಲೆ ಹೊರಿಸಿ ಅದಕ್ಕೆ ಪುಣ್ಯವೆಂದು ಹೆಸರಿಡುವುದು ಸರಿಯೆನಿಸಲಿಲ್ಲ.

ಆದ್ದರಿಂದ ಮೀನುಗಳನ್ನು ಒಯ್ಯುವ ಏರ್ಪಾಡಾಯಿತು. ನೀರು ತುಂಬಿದ ತೊಟ್ಟಿಯನ್ನು ಎತ್ತುವಂತಿಲ್ಲ. 100 ಲೀಟರ್ ನೀರೆಂದರೆ 100 ಕಿಲೋ ತೂಕ, ಗಾಜಿನ ಬೆಸುಗೆ ಬಿಡುತ್ತದೆ. ಪ್ರಯಾಣದಲ್ಲಿ ನೀರು ಕೆಡದಿರಲೆಂದು ಹಿಂದಿನ ದಿನವೇ ಆಹಾರ ನಿಲ್ಲಿಸಿದೆವು. ಹಳೆಯ ನೀರಿನ ಬಹುಪಾಲನ್ನು ಶುದ್ಧವಾದ ಕ್ಯಾನುಗಳಲ್ಲಿ ತುಂಬಿದೆವು. ಫಿಲ್ಟರಿನ ಸ್ಪಂಜನ್ನು ತೊಳೆಯದೆ, ಒಣಗಗೊಡದೆ, ಅದೇ ನೀರಿನಲ್ಲಿ ಮುಳುಗಿಸಿಟ್ಟೆವು. ಮೀನಿನ ಮೈಯಿಂದ ಹೊರಬರುವ ಅಮೋನಿಯಾ ವಿಷವನ್ನು ನಿರಪಾಯಗೊಳಿಸುವ ಸೂಕ್ಷ್ಮ ಬ್ಯಾಕ್ಟೀರಿಯಾಗಳು ಆ ಸ್ಪಂಜಿನಲ್ಲಿಯೂ ತಳದ ಕಲ್ಲುಗಳಲ್ಲಿಯೂ ಮನೆ ಮಾಡಿಕೊಂಡಿರುತ್ತವೆ. ಅವು ಸತ್ತರೆ ತೊಟ್ಟಿ ಎಷ್ಟೇ ಥಳಥಳಿಸಿದರೂ ಮೀನು ಉಳಿಯುವುದು ಕಠಿಣ. ಹುಮನಾಬಾದಿನ ಮನೆಯಲ್ಲಿ ಹಳೆಯ ನೀರಿಗೆ ಹೊಸ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ, ಸಂಜೆಯ ಹೊತ್ತಿಗೆ ಆರು ಮೀನುಗಳನ್ನೂ ತೊಟ್ಟಿಗೆ ಬಿಟ್ಟೆವು.

ಇಷ್ಟಾದ ಮೇಲೆ ಮೊಮ್ಮಗನ ಹೊಸ ಬೇಡಿಕೆ ಮುಂದೆ ಬಂದಿತು. ಪರದೇಶದ ಮನೆಗಳಲ್ಲಿ ಸಮುದ್ರದ ಉಪ್ಪುನೀರಿನ ತೊಟ್ಟಿಗಳಿದ್ದು, ಅವುಗಳಲ್ಲಿ ಜೀವಂತ ಹವಳಗಳು ಹೂವಿನಂತೆ ಅರಳಿರುವುದನ್ನು ಅವನು ವಿಡಿಯೋಗಳಲ್ಲಿ ನೋಡಿದ್ದ. ಹೊಸ ಮನೆಗೆ ಅಂಥದೊಂದು ಬೇಕೆಂಬ ಹಟ. ಅಜ್ಜಿಯ ಹವಳದ ಸರವನ್ನಷ್ಟೇ ಕಂಡಿದ್ದ ಅವನು, "ಮುತ್ಯಾ, ಹವಳಕ್ಕೂ ಜೀವ ಅದಾ?" ಎಂದು ಕೇಳಿದ.

ಜೀವವಿದೆ. ಕಣ್ಣಿಗೆ ಸ್ಥಾವರದಂತೆ ತೋರುವ ಹವಳದ ಬಂಡೆ ಸಾವಿರಾರು ಪುಟ್ಟ ಪ್ರಾಣಿಗಳ ಒಕ್ಕೂಟ. ಅವು ಸಮುದ್ರದ ನೀರಿನಿಂದ ಸುಣ್ಣದ ಅಂಶವನ್ನು ಹೀರಿ ತಮ್ಮ ಗೂಡನ್ನು ತಾವೇ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ ಸೂರ್ಯನ ಬೆಳಕಿನಿಂದ ಅನ್ನ ತಯಾರಿಸಿ ಆಶ್ರಯ ಕೊಟ್ಟವರಿಗೂ ಉಣಿಸುತ್ತದೆ. ನೀರಿನ ಬಿಸಿ ಸ್ವಲ್ಪ ಏರಿದರೂ ಈ ಸಹಬಾಳ್ವೆ ಮುರಿಯುತ್ತದೆ. ಪಾಚಿ ಹೊರಬಿದ್ದು ಹವಳ ಬಿಳಿಚಿಕೊಂಡು ಕೊನೆಗೆ ಸಾಯುತ್ತದೆ. ಲಕ್ಷದ್ವೀಪದ ನೆಲವೇ ಇಂಥ ಜೀವಗಳ ದುಡಿಮೆಯ ಫಲ. ನಮ್ಮ ನಾಡಿನಲ್ಲಿಯೂ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳನ್ನು ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಸಮುದ್ರದಿಂದ ಅವನ್ನು ಕಿತ್ತು ಮಾರುವುದೂ ಕೊಳ್ಳುವುದೂ ಅಪರಾಧ.

ಹವಳಗಳನ್ನು ಸ್ಥಳಾಂತರಿಸಿದ ಉದಾಹರಣೆಯೂ ನಮ್ಮ ದೇಶದಲ್ಲಿದೆ. ಬೀದರ ಜಿಲ್ಲೆಯ ಎಷ್ಟೋ ಮಕ್ಕಳು ದುಡಿಮೆಗೆ ಹೋಗುವ ಮುಂಬೈಯಲ್ಲಿ ಕಡಲತೀರದ ಹೊಸ ರಸ್ತೆ ಕಟ್ಟುವಾಗ, ವರಳಿ ಹಾಗೂ ಹಾಜಿ ಅಲಿಯ ಬಂಡೆಗಳ ಮೇಲೆ ಕೆಲವು ಹವಳಗಳು ಕಂಡುಬಂದವು. ಅರಣ್ಯ ಇಲಾಖೆಯ ಅನುಮತಿ ಪಡೆದು, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮಾರ್ಗದರ್ಶನದಲ್ಲಿ, 2020ರಲ್ಲಿ ಅವನ್ನು ಅದೇ ನಗರದ ನೇವಿ ನಗರದ ತೀರಕ್ಕೆ ಸಾಗಿಸಲಾಯಿತು. ಕೆಲವು ಹವಳಗಳಿಗಾಗಿ ಅಷ್ಟೊಂದು ಜನರ ವಿಚಾರ, ಅಷ್ಟೊಂದು ಎಚ್ಚರ! ಅವನ್ನು ಒಯ್ದದ್ದು ಕೂಡ ಅದೇ ಕಡಲಿನ ಇನ್ನೊಂದು ದಂಡೆಗೆ. ಕಡಲಿನಿಂದ ನೂರಾರು ಮೈಲಿ ದೂರದ, ಬೇಸಿಗೆಯಲ್ಲಿ ಕೆಂಡದಂತೆ ಕಾಯುವ, ಆಗಾಗ ವಿದ್ಯುತ್ ಕೈಕೊಡುವ ನಮ್ಮ ಊರಿನಲ್ಲಿ ಅಂಥ ಜೀವವನ್ನು ತಂದಿಡುವ ಅಧಿಕಾರ ನಮಗೆಲ್ಲಿಯದು?

ಇದನ್ನೆಲ್ಲ ಮೊಮ್ಮಗನನ್ನು ಕೂಡಿಸಿಕೊಂಡು ತಿಳಿಸಿದೆವು. ಎರಡು ದಿನ ಮುನಿಸು ಇದ್ದೇ ಇತ್ತು. ಅದನ್ನು ನಾವು ಗದರಿಸಿ ಬಿಡಿಸಲಿಲ್ಲ. ಮೂರನೆಯ ದಿನ ಅವನೇ ಬಂದು, ನೇತ್ರಾಣಿ ಇಲ್ಲಿಂದ ಎಷ್ಟು ದೂರವೆಂದು ವಿಚಾರಿಸಿದ. ದೊಡ್ಡ ರಜೆಯಲ್ಲಿ ಕರೆದೊಯ್ಯುವುದಾಗಿ ಅವನ ತಂದೆ ಮಾತು ಕೊಟ್ಟಿದ್ದಾನೆ.

ಮನೆಗೆ ಹಕ್ಕಿ, ಮೀನು, ನಾಯಿಮರಿ ಮುಂತಾಗಿ ಯಾವ ಜೀವವನ್ನು ತಂದರೂ ಅದರ ಅನ್ನ ನೀರಿನ ಹೊಣೆ ನಮ್ಮದಾಗುತ್ತದೆ. ಸಂಸಾರಗಳು ಉದ್ಯೋಗಕ್ಕಾಗಿ ಊರಿಂದೂರಿಗೆ ಅಲೆಯುವ ಈ ಕಾಲದಲ್ಲಿ, ಅದನ್ನು ತರುವ ದಿನವೇ ಹೊರಡುವ ದಿನದ ವಿಚಾರವನ್ನೂ ಮಾಡಬೇಕು. ಇದರ ನೀರನ್ನೂ ನೆಲೆಯನ್ನೂ ಜೊತೆಗೆ ಒಯ್ಯಲು ನಮಗೆ ಸಾಧ್ಯವೇ ಎಂದು ಕೇಳಿಕೊಳ್ಳಬೇಕು. ಸಾಧ್ಯವಾದರೆ ಅದರ ಪಾಲನೆ ಮಕ್ಕಳಿಗೊಂದು ನಿತ್ಯದ ಕಾಯಕವಾಗಲಿ. ಸಾಧ್ಯವಿಲ್ಲದಿದ್ದರೆ ಅದು ಇದ್ದಲ್ಲಿಯೇ ಇರಲಿ. ಹೋಗಿ ನೋಡಿ ಕೈಮುಗಿದು ಬರುವುದೂ ದಯೆಯ ಒಂದು ರೀತಿಯೇ ಆಗಿದೆ.