ನೋಟಿನ ಮೇಲಿನ ಗೂಡುದೀಪ

ಅವೆನ್ಯೂ ರೋಡಿನ ಹಳೇ ಪುಸ್ತಕದಂಗಡಿಯಲ್ಲಿ ಕಾದಂಬರಿಯೊಂದನ್ನು ತಿರುವಿ ಹಾಕುತ್ತಿದ್ದಾಗ ಒಳಗಿನಿಂದ ಎರಡು ರೂಪಾಯಿಯ ನೋಟೊಂದು ಜಾರಿ ಬಿತ್ತು. ಅಂಗಡಿಯವ ನನಗಿಂತ ಮೊದಲು ಬಗ್ಗಿ ಎತ್ತಿಕೊಂಡ. "ಪುಸ್ತಕ ಎಂಬತ್ತು. ನೋಟು ಬೇಕಂದ್ರೆ ಅದಕ್ಕೆ ಬೇರೆ ರೇಟು ಸಾರ್" ಎಂದ. ಪುಸ್ತಕ ಬಿಟ್ಟು ನೋಟು ಕೊಂಡೆ. ಬೆನ್ನಿಗೆ ಹುಲಿ ಇರುವ ಹಳೆಯ ನೋಟಾಗಿದ್ದರೆ ಚೌಕಾಸಿ ಮಾಡುತ್ತಿದ್ದೆ. ಇದರಲ್ಲಿದ್ದದ್ದು ಆರ್ಯಭಟ ಉಪಗ್ರಹ.

ಉಡುಪಿ ಕಡೆಯ ನಮ್ಮ ಮನೆಯಲ್ಲಿ ಈ ನೋಟಿನ ವಾಸ ಅಜ್ಜಿಯ ಎಲೆಯಡಿಕೆ ಸಂಚಿಯಲ್ಲಿ. ನಾಲ್ಕಾಗಿ ಮಡಚಿ ಸುಣ್ಣದ ಡಬ್ಬಿಯ ಅಡಿಗೆ ಇಡುತ್ತಿದ್ದಳು. ಹಾಗಾಗಿ ನಮ್ಮ ಉಪಗ್ರಹದ ಒಂದು ಮಗ್ಗುಲು ಸದಾ ಬೆಳ್ಳಗೆ. "ಇದೆಂತ ಮಾರಾಯ, ನೋಟಿನಲ್ಲಿ ಗೂಡುದೀಪ!" ಎಂದವಳು ಅವಳೇ.

ತಪ್ಪೇನೂ ಹೇಳಿರಲಿಲ್ಲ. ಆರ್ಯಭಟಕ್ಕೆ 26 ಮುಖ. ಮೇಲಿನದು, ಕೆಳಗಿನದು ಬಿಟ್ಟರೆ ಮಿಕ್ಕ 24ಕ್ಕೂ ಸೌರಕೋಶ. ಗಿರಗಿರ ತಿರುಗುವ ಉಪಗ್ರಹದ ಯಾವ ಮಗ್ಗುಲು ಸೂರ್ಯನ ಕಡೆಗೆ ಬಂದರೂ ಕರೆಂಟು ಸಿಗಬೇಕಲ್ಲ, ಅದಕ್ಕೇ ಈ ಆಕಾರ ಎನ್ನುತ್ತಾರೆ ಬಲ್ಲವರು. ನನ್ನ ವಾದ ಬೇರೆ. ಅದನ್ನು ಕಟ್ಟಿದ ತಂಡದ ಯಜಮಾನರು ಯು.ಆರ್. ರಾವ್, ಹುಟ್ಟಿದ್ದು ಅದಮಾರಿನಲ್ಲಿ. ನಮ್ಮ ಕಡೆಯ ಹುಡುಗ ದೀಪಾವಳಿಗೆ ಬಿದಿರುಕಡ್ಡಿ ಸೀಳಿ, ಬಣ್ಣದ ಕಾಗದಕ್ಕೆ ಮೈದಾ ಅಂಟು ಬಳಿದು, ಗೂಡುದೀಪ ಕಟ್ಟದೆ ದೊಡ್ಡವನಾಗುವುದುಂಟೆ? ಒಂದು ಕಡ್ಡಿ ಗೋಧಿಕಾಳಿನಷ್ಟು ಉದ್ದವಾದರೆ ಮುಗಿಯಿತು, ಮುಖಕ್ಕೆ ಮುಖ ಕೂಡುವುದಿಲ್ಲ, ಗೂಡು ಸೊಟ್ಟಗೆ ನೇತಾಡುತ್ತದೆ, ಅಣ್ಣ ನಗುತ್ತಾನೆ. ಇಂಥ ಪಾಠ ಯಾವ ವಿಶ್ವವಿದ್ಯಾಲಯದಲ್ಲಿದೆ? ಪುರಾವೆ ಮಾತ್ರ ಕೇಳಬೇಡಿ.

1972ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ, ಅದುವರೆಗೆ ಉಪಗ್ರಹ ಕಟ್ಟಿ ಗೊತ್ತಿಲ್ಲದ ಹುಡುಗರೇ ಸೇರಿ 360 ಕಿಲೋದ ಈ ಗೂಡನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್ ಉಡಾವಣಾ ಕೇಂದ್ರದಿಂದ ಅದು ಮೇಲೇರಿತು. ಐದನೆಯ ದಿನದ ಹೊತ್ತಿಗೆ ಒಳಗಿನ ಕರೆಂಟು ಕೈಕೊಟ್ಟು, ಎಕ್ಸ್-ರೇ, ಸೂರ್ಯ, ವಾಯುಮಂಡಲ ಎಂದು ಹೊತ್ತೊಯ್ದಿದ್ದ ಪ್ರಯೋಗಗಳೆಲ್ಲ ನಿಂತವು. ಪ್ರಯೋಗ ನಿಂತರೇನಂತೆ, ಉಪಗ್ರಹ ಜೀವಂತವಾಗಿಯೇ ಇತ್ತು. ಕಟ್ಟುವುದು, ಮಾತಾಡಿಸುವುದು ನಮ್ಮವರಿಗೆ ಬಂತು. ಆರ್ಯಭಟ 1992ರ ಫೆಬ್ರವರಿಯಲ್ಲಿ ವಾಯುಮಂಡಲಕ್ಕೆ ಬಿದ್ದು ಉರಿದುಹೋದ ಮೇಲೂ ಅದರ ನೋಟು ಸಿಟಿ ಬಸ್ಸಿನ ಕಂಡಕ್ಟರರ ಬೆರಳ ಸಂದಿಯಲ್ಲಿ ಉದ್ದುದ್ದ ಮಡಚಿಕೊಂಡು ಊರೆಲ್ಲ ಸುತ್ತುತ್ತಲೇ ಇತ್ತು.

ಇದೆಲ್ಲದರಲ್ಲಿ ನನಗೆ ಅತಿ ಪ್ರಿಯವಾದದ್ದು ಸ್ವತಃ ರಾವ್ ಅವರೇ ಹೇಳುತ್ತಿದ್ದ ಒಂದು ಸಂಗತಿ. ಆಕಾಶದಿಂದ ಬರುವ ಮಾಹಿತಿಯನ್ನು ಬೆಂಗಳೂರಿನಲ್ಲಿ ಹಿಡಿದುಕೊಳ್ಳಲು ಒಂದು ಕೋಣೆ ಬೇಕಾಗಿತ್ತು, ಜಾಗವಿರಲಿಲ್ಲ. ಇದ್ದ ಪಾಯಖಾನೆಯನ್ನೇ ಆ ಕೆಲಸಕ್ಕೆ ಬದಲಾಯಿಸಿಕೊಂಡರು. ದೇಶದ ಮೊದಲ ಉಪಗ್ರಹದ ಮಾತು ಕೇಳಿಸಿದ್ದು ಅಲ್ಲಿ!

ಇದನ್ನು ಓದಿದವನೇ ಊರಿಗೆ ಹೋದಾಗ ಅಜ್ಜಿಗೆ ವರದಿ ಒಪ್ಪಿಸಿದೆ. ಮಡಿ ಮೈಲಿಗೆ ಎಂದು ಮೂಗು ಮುರಿಯುತ್ತಾಳೆ ಎಂದುಕೊಂಡಿದ್ದೆ. ಅವಳು ವೀಳ್ಯದೆಲೆಯ ನಾರು ತೆಗೆಯುತ್ತಾ ಸ್ವಲ್ಪ ಯೋಚನೆ ಮಾಡಿದಳು.

"ಅಲ್ಲ ಮಾರಾಯ, ಅಷ್ಟು ಜನ ಮತ್ತೆ ಎಲ್ಲಿಗೆ ಹೋಗ್ತಿದ್ರು?"