ಧಾವಿಸುವ ವಿದ್ಯೆ, ಕಾಯುವ ವಿದ್ಯೆ

ಸಂಸ್ಥೆಯ ಈ ಸಂಸ್ಮರಣ ಸಂಪುಟಕ್ಕಾಗಿ ನನ್ನ ವೃತ್ತಿಯ ಕುರಿತು ನಾಲ್ಕು ಮಾತು ಬರೆಯಬೇಕೆಂದು ಗುರುಗಳು ಸೂಚಿಸಿದಾಗ, ಶುಶ್ರೂಷಕನೊಬ್ಬನ ಬದುಕಿನಲ್ಲಿ ಬರೆಯುವಂಥದು ಏನಿದೆಯೆಂಬ ಸಂಕೋಚ ನನ್ನನ್ನು ಕಾಡದಿರಲಿಲ್ಲ. ಆದರೆ ರೋಗಿಯ ಬಳಿಗೆ ಎರಡು ಬೇರೆ ಬೇರೆ ದಾರಿಗಳಿಂದ ಹೋದವನು ನಾನು. ಒಂದು ದಾರಿಯಿಂದ ಇನ್ನೊಂದಕ್ಕೆ ದಾಟಿಸಿದ ಶಿಕ್ಷಣದ ವಿಚಾರವು ಅಧ್ಯಾಪಕರಿಗೂ ದಾನಿಗಳಿಗೂ ಪ್ರಸ್ತುತವೆನಿಸೀತೆಂಬ ಭರವಸೆಯಿಂದ ಈ ಕಿರುಲೇಖನವನ್ನು ಒಪ್ಪಿಸುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ 2008ರಲ್ಲಿ ಆರಂಭವಾದ ‘ಆರೋಗ್ಯ ಕವಚ’ 108 ಆಂಬುಲೆನ್ಸ್ ಸೇವೆಯಲ್ಲಿ, ಜಿ.ಎನ್.ಎಂ. ಶಿಕ್ಷಣ ಮುಗಿಸಿದ ಮೇಲೆ ನಾನು ಏಳು ವರ್ಷ ದುಡಿದೆ. ಅಲ್ಲಿಯದು ಧಾವಿಸುವ ವಿದ್ಯೆ. ಉಸಿರಿನ ದಾರಿ ತೆರೆದಿದೆಯೇ, ರಕ್ತಸ್ರಾವ ನಿಂತಿದೆಯೇ, ನಾಡಿ ಹೇಗಿದೆ, ಯಾವ ಆಸ್ಪತ್ರೆ ಸಮೀಪ ಎಂಬಿಷ್ಟು ಪ್ರಶ್ನೆಗಳಿಗೆ ಕ್ಷಣಾರ್ಧದಲ್ಲಿ ಉತ್ತರ ಕಂಡುಕೊಳ್ಳಬೇಕು. ಆಸ್ಪತ್ರೆಯ ಬಾಗಿಲಲ್ಲಿ ರೋಗಿಯನ್ನು ಒಪ್ಪಿಸಿದೊಡನೆ ನಮ್ಮ ಕರ್ತವ್ಯ ಮುಗಿಯುತ್ತಿತ್ತು. ಅನಂತರ ಆತ ಏನಾದನೆಂಬುದು ಬಹುಮಟ್ಟಿಗೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಪಾರ್ಶ್ವವಾಯು ಬಡಿದವರನ್ನು ಅದೆಷ್ಟು ಬಾರಿ ಹೊತ್ತೊಯ್ದಿದ್ದೇನೋ ಲೆಕ್ಕವಿಲ್ಲ. “ಮೊದಲಿನಿಂದ ಬಿ.ಪಿ. ಇತ್ತೇನ್ರಿ?” ಎಂದು ಕೇಳಿದರೆ, “ಎಂದೂ ನೋಡಿಸೇ ಇಲ್ರಿ” ಎಂಬುದೇ ಮನೆಯವರ ಉತ್ತರ. ಈ ಮಾತನ್ನು ಕೇಳಿ ಕೇಳಿ, ಅನಾಹುತವಾದ ಮೇಲೆ ಓಡುವುದಕ್ಕಿಂತ ಅದಕ್ಕೆ ಮೊದಲೇ ಆ ಮನೆಯ ಬಾಗಿಲಿಗೆ ಹೋಗಬೇಕೆಂಬ ಹಂಬಲ ನನ್ನಲ್ಲಿ ಬೇರೂರಿತು.

ಆ ಹಂಬಲಕ್ಕೆ ಅವಕಾಶವೂ ಒದಗಿತು. ದೇಶದಾದ್ಯಂತ ಒಂದೂವರೆ ಲಕ್ಷ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಯೋಜನೆಯನ್ನು ಕೇಂದ್ರ ಸರಕಾರವು 2018ರ ಆಯವ್ಯಯದಲ್ಲಿ ಪ್ರಕಟಿಸಿತು. ಬಯಲು ಪ್ರದೇಶದಲ್ಲಿ 5,000 ಜನಸಂಖ್ಯೆಗೆ ಒಂದರಂತೆ ಗೊತ್ತುಪಡಿಸಿದ ಉಪಕೇಂದ್ರಗಳು ಈ ಯೋಜನೆಯಡಿ ಮೇಲ್ದರ್ಜೆಗೇರಿದವು. 2023ರಲ್ಲಿ ಇವಕ್ಕೆ ‘ಆಯುಷ್ಮಾನ್ ಆರೋಗ್ಯ ಮಂದಿರ’ವೆಂಬ ಹೆಸರು ಬಂದಿತು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯಾಗಲು ನನ್ನಂಥ ಶುಶ್ರೂಷಕರಿಗೆ ಆರು ತಿಂಗಳ ವಿಶೇಷ ಶಿಕ್ಷಣವನ್ನು ಏರ್ಪಡಿಸಲಾಯಿತು. ನಾನು ಆ ಶಿಕ್ಷಣಕ್ಕೆ ಸೇರಿದೆ.

ಹೊಸ ಪಾಠಗಳಲ್ಲಿ ಔಷಧಗಳ ಹೆಸರು ಕಲಿಯುವುದು ಕಷ್ಟವಾಗಲಿಲ್ಲ. ಕಷ್ಟವಾದುದು ಅವಸರವನ್ನು ಮರೆಯುವುದು. ಆಂಬುಲೆನ್ಸಿಗೆ ಕರೆ ಬರುವುದು ಕಷ್ಟವು ಕಣ್ಣಿಗೆ ಕಂಡಾಗ. ಉಪಕೇಂದ್ರಕ್ಕೆ ಬರುವವರಾದರೋ “ಯಾಕೋ ಸುಸ್ತು”, “ನಿದ್ದೆ ಹತ್ತುವುದಿಲ್ಲ” ಎಂದು ಹೇಳಿಕೊಂಡು ಬರುತ್ತಾರೆ. ಇವುಗಳಲ್ಲಿ ಬಹುಪಾಲು ತಾನಾಗಿ ಶಮನವಾಗುವಂಥವು. ಎಲ್ಲೋ ಒಂದು ಮಾತ್ರ ಘೋರವಾದ ರೋಗದ ಮುನ್ಸೂಚನೆ. ಆ ಒಂದನ್ನು ಗುರುತಿಸುವುದು ಹೇಗೆ? ಮಿಕ್ಕವರನ್ನು ಹೆದರಿಸದೆ ಮನೆಗೆ ಕಳುಹಿಸುವುದು ಹೇಗೆ? ನಮಗೆ ಪ್ರಾಯೋಗಿಕ ಪಾಠ ಹೇಳಿದ ಹಿರಿಯ ವೈದ್ಯರೊಬ್ಬರು, “ಪ್ರಶ್ನೆ ಕೇಳಿದ ಮೇಲೆ ಒಂದು ನಿಮಿಷ ಸುಮ್ಮನಿರಯ್ಯ, ರೋಗಿಯೇ ಅರ್ಧ ಉತ್ತರ ಹೇಳುತ್ತಾನೆ” ಎನ್ನುತ್ತಿದ್ದರು.

ಆ ಒಂದು ನಿಮಿಷದ ಬೆಲೆ ಮುಂದೆ ಕೆಲಸಕ್ಕೆ ಸೇರಿದ ಹಳ್ಳಿಯಲ್ಲಿ ನನಗೆ ತಿಳಿಯಿತು. 30 ವರ್ಷ ದಾಟಿದ ಪ್ರತಿಯೊಬ್ಬರ ರಕ್ತದೊತ್ತಡ, ಸಕ್ಕರೆ ಪ್ರಮಾಣಗಳನ್ನು ಪರೀಕ್ಷಿಸುವುದು ನಮ್ಮ ಕರ್ತವ್ಯಗಳಲ್ಲೊಂದು. ಐವತ್ತರ ಆಸುಪಾಸಿನ ರೈತರೊಬ್ಬರ ರಕ್ತದೊತ್ತಡವು ಬೇರೆ ಬೇರೆ ದಿನ ನೋಡಿದಾಗಲೂ 170ಕ್ಕೆ ಇಳಿಯದೆ ನಿಂತಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಚಿಕಿತ್ಸೆ ಆರಂಭಿಸಿದರು. ತಿಂಗಳು ತಿಂಗಳು ಗುಳಿಗೆ ಕೊಡುವ ಹೊಣೆ ನನ್ನದು. ಎರಡನೆಯ ತಿಂಗಳಿಗೆ ಅವರು ಬರಲಿಲ್ಲ. ಆಶಾ ಕಾರ್ಯಕರ್ತೆಯೊಡನೆ ಅವರ ಮನೆಗೆ ಹೋದೆ. “ಏನೂ ಆಗಿಲ್ರಿ, ಆರಾಮ್ ಅದೀನಿ. ಗುಳಿಗಿ ಯಾಕ ನುಂಗಬೇಕ್ರಿ?” ಎಂದರು. ನಾನು ಸುಮ್ಮನೆ ಕುಳಿತೆ. ಬಳಿಕ ತಗ್ಗಿದ ದನಿಯಲ್ಲಿ, “ಮಗಳಿಗೆ ವರ ನೋಡಾಕತ್ತೀವ್ರಿ. ಅಪ್ಪಗ ಕಾಯಂ ರೋಗ ಅದ ಅಂದ್ರ ಬೀಗರು ಏನಂದಾರು?” ಎಂದರು. ಯಾವ ಚೀಟಿಯಲ್ಲಿಯೂ ಈ ಕಾರಣ ಬರೆದಿರುವುದಿಲ್ಲ. ಕೆರೆಯ ಏರಿ ಬಿರಿಯುವಾಗ ಸದ್ದಾಗುವುದಿಲ್ಲವೆಂದು ಅವರು ಬಲ್ಲ ಮಾತಿನಲ್ಲಿಯೇ ಹೇಳಿದೆ. ಅವರ ವಿಷಯ ನನ್ನ ಬಾಯಿಂದ ಹೊರಬೀಳದೆಂದು ಮಾತು ಕೊಟ್ಟೆ. ಮರುವಾರದಿಂದ ಅವರು ಗುಳಿಗೆಗೆ ಬರತೊಡಗಿದರು. ಕನ್ನಡದಲ್ಲಿ ‘ಕಾಯುವುದು’ ಎಂದರೆ ತಾಳ್ಮೆಯಿಂದಿರುವುದೂ ಹೌದು, ರಕ್ಷಿಸುವುದೂ ಹೌದು. ಪ್ರಾಥಮಿಕ ಆರೋಗ್ಯಸೇವೆಯಲ್ಲಿ ಈ ಎರಡು ಅರ್ಥಗಳೂ ಒಂದೇ ಆಗುತ್ತವೆ.

ಆಂಬುಲೆನ್ಸಿನಿಂದ ಊರಿನ ಚಿಕಿತ್ಸಾಲಯಕ್ಕೆ ಬರುವ ಈ ಪಯಣ ನಮ್ಮ ದೇಶದ್ದಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿಯೂ ಅನೇಕ ಪ್ಯಾರಾಮೆಡಿಕ್‌ಗಳು ಕುಟುಂಬ ವೈದ್ಯರ ಚಿಕಿತ್ಸಾಲಯಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಉನ್ನತ ಶಿಕ್ಷಣ ಪಡೆದ ಪ್ಯಾರಾಮೆಡಿಕ್‌ಗಳು ತಾವೇ ಔಷಧ ಬರೆದುಕೊಡಲು 2018ರಲ್ಲಿ ಅಲ್ಲಿಯ ಕಾನೂನು ಸಮ್ಮತಿಸಿತು. 2021ರಲ್ಲಿ ಹೊರಬಂದ ಮಾರ್ಗಸೂಚಿಯೊಂದು ಅವರಿಗೆ ಸ್ನಾತಕೋತ್ತರ ಮಟ್ಟದ ಅಧ್ಯಯನವನ್ನು ವಿಧಿಸಿದ್ದಲ್ಲದೆ, ಅನುಭವಿಗಳಾದ ಮೇಲ್ವಿಚಾರಕರು ಅವರ ಕೆಲಸವನ್ನು ಪರಿಶೀಲಿಸಿ ದೃಢೀಕರಿಸಬೇಕೆಂದಿತು. ಆ ಶ್ರೀಮಂತ ರಾಷ್ಟ್ರದ ಸೌಕರ್ಯಗಳು ನಮ್ಮಲ್ಲಿಲ್ಲ. ಆದರೆ ಬಲ್ಲವರ ಪಕ್ಕದಲ್ಲಿ ಕುಳಿತಲ್ಲದೆ ವಿವೇಚನೆ ಬಲಿಯದೆಂಬ ತತ್ತ್ವಕ್ಕೆ ಸಿರಿತನ ಬೇಕಾಗಿಲ್ಲ.

ನಮ್ಮ ಆರು ತಿಂಗಳ ಶಿಕ್ಷಣವು ಹೊಸಿಲು ದಾಟಿಸುತ್ತದೆ. ಮನೆಯೊಳಗಿನ ಬಾಳುವೆಯನ್ನು ಕಲಿಸಲು ಅಷ್ಟು ಕಾಲ ಸಾಲದು. ಪ್ರಮಾಣಪತ್ರ ಕೈಸೇರಿದ ಮರುದಿನದಿಂದಲೇ ದೂರದ ಹಳ್ಳಿಯಲ್ಲಿ ಒಬ್ಬಂಟಿಯಾಗಿ ನಿರ್ಧಾರ ಮಾಡುವ ತರುಣ ತರುಣಿಯರಿಗೆ ತಮ್ಮ ಸಂದೇಹವನ್ನು ಯಾರ ಮುಂದಿಡಬೇಕೆಂದು ತಿಳಿದಿರಬೇಕು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಇದ್ದಾರೆ. ಅವರು ತಿಂಗಳಿಗೊಂದು ದಿನ ಸುತ್ತಣ ಉಪಕೇಂದ್ರಗಳ ಶುಶ್ರೂಷಕರೊಡನೆ ಕುಳಿತು, ಆ ತಿಂಗಳು ಕಂಡ ರೋಗಿಗಳ ವಿಷಯವನ್ನು ಹೆಸರು ಹೇಳದೆ ಚರ್ಚಿಸಿದರೆ ಅದಕ್ಕಿಂತ ಮಿಗಿಲಾದ ವಿದ್ಯಾದಾನವಿಲ್ಲ. ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಿಗೆ ಉದಾರವಾಗಿ ನೆರವಾಗುವ ದಾನಿಗಳು ಶುಶ್ರೂಷೆಯ ಮುಂದಿನ ಶಿಕ್ಷಣಕ್ಕೂ ಒಂದೆರಡು ವಿದ್ಯಾರ್ಥಿವೇತನಗಳನ್ನು ಮೀಸಲಿಡಲಿ ಎಂಬುದು ನನ್ನ ವಿನಮ್ರ ಬಿನ್ನಹ. ಹಾಗೆ ಕಲಿತು ಬಂದವರು ಊರಲ್ಲಿದ್ದರೆ, “ಎಂದೂ ನೋಡಿಸೇ ಇಲ್ರಿ” ಎನ್ನುವ ಮನೆಗಳು ಕಡಮೆಯಾಗುತ್ತವೆ.