ಕಪಾಟಿನ ಹಿಂದಿನ ಸಾಲು

ಪಿಯುಸಿ ಮುಗಿಸಿ ಮಲೆನಾಡಿನ ಪುಟ್ಟ ಪೇಟೆಯೊಂದರ ದಂತವೈದ್ಯರಲ್ಲಿ ಸಹಾಯಕಿಯಾಗಿ ಸೇರಿದ ಹುಡುಗಿಗೆ, ಕಪಾಟು ಜೋಡಿಸುವುದೂ ಒಂದು ವಿದ್ಯೆ ಎನಿಸಿರಲಿಲ್ಲ. ಒಂದು ಸಂಜೆ, ಎರಡು ರಾತ್ರಿ ನಿದ್ದೆಗೆಟ್ಟ ರೈತರೊಬ್ಬರು ಹಲ್ಲು ಕೀಳಿಸಲು ಬಂದರು. ಮರಗಟ್ಟಿಸುವ ಲಿಗ್ನೊಕೇನ್ ಉಳಿದದ್ದು 30 ಮಿ.ಲೀ.ನ ಒಂದೇ ಬಾಟಲಿ. ಅದರ ಅವಧಿ ಹಿಂದಿನ ತಿಂಗಳೇ ಮುಗಿದಿತ್ತು! ಹೊಸದು ಬಂದಾಗಲೆಲ್ಲ ಮುಂದಿಟ್ಟು, ಮುಂದಿನದನ್ನೇ ತೆಗೆಯುತ್ತಿದ್ದವಳು ಅವಳೇ. ಇನ್ನೊಂದು ಬೇಕೆಂದರೆ ಶಿವಮೊಗ್ಗದಿಂದ ಬರಬೇಕು. ಡಾಕ್ಟರು ಬೈಯಲಿಲ್ಲ, ನೋವಿನ ಮಾತ್ರೆ ಬರೆದುಕೊಟ್ಟರು. ರೈತರು ಕೆನ್ನೆ ಹಿಡಿದುಕೊಂಡೇ ಬಸ್ಸು ಹತ್ತಿದರು.

ಆ ರಾತ್ರಿ ಅವಳು ಕಾಲೇಜಿನ ಹಳೆಯ ನೋಟ್‌ಬುಕ್ಕಿಗೆ ಗೆರೆ ಎಳೆದಳು. ಮೊದಲು ಬಂದದ್ದಲ್ಲ, ಮೊದಲು ಅವಧಿ ಮುಗಿಯುವುದು ಮುಂದಿನ ಸಾಲಿಗೆ. ಗ್ಲೌಸು ಎರಡು ಪೆಟ್ಟಿಗೆಗೆ ಇಳಿದೊಡನೆ ಆರ್ಡರು. ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಪುಡಿಗೆ ಮಳೆಗಾಲದ ತೇವ ತಾಗಿದರೆ ಕೆಟ್ಟಿತು. ಅದಕ್ಕೆ ಬಿಗಿ ಮುಚ್ಚಳದ ಡಬ್ಬ. ಸಿಮೆಂಟಿನ ದ್ರವ ಮುಗಿದರೆ ಪುಡಿ ಇದ್ದೂ ಇಲ್ಲದಂತೆ. ಎರಡಕ್ಕೂ ಬೇರೆ ಲೆಕ್ಕ. (ಹಳೆಯ ಬೇಳೆ ಮುಗಿಯದೆ ಡಬ್ಬಕ್ಕೆ ಹೊಸದನ್ನು ಸುರಿಯದ ತಾಯಂದಿರಿಗೆ ಇದನ್ನು ಯಾವ ಕಾಲೇಜು ಕಲಿಸಿತ್ತು?)

ಮೂರನೆಯ ದಿನ ಅದೇ ರೈತರು ಬಂದರು. ಬಾಟಲಿಯನ್ನು ಡಾಕ್ಟರ ಕೈಗೆ ಕೊಡುವ ಮೊದಲು ಅವಳು ಅದರ ಮೇಲಿನ ತಾರೀಖನ್ನು ಗಟ್ಟಿಯಾಗಿ ಓದಿದಳು.